ಅಜ್ಜಿಗೆ ಹೇಳದೆ ನೋಡಿದ ಸಮುದ್ರ

ನಾನು ಹೇಳಿದ ಸುಳ್ಳು ನನಗೆ ಯಾವತ್ತೂ ದಕ್ಕಿಲ್ಲ. ಬೇರೆಯವರು ದಿನಕ್ಕೆ ಹತ್ತು ಸುಳ್ಳು ಹೇಳಿ, ಮನೆಗೆ ಹೋಗಿ ಮುದ್ದೆ ಉಂಡು ಆರಾಮವಾಗಿ ಮಲಗುತ್ತಾರೆ. ನಾನು ಅಪರೂಪಕ್ಕೆ ಒಂದು ಹೇಳಿದರೂ ಅದನ್ನು ಬಯಲು ಮಾಡಲು ಯಾರಾದರೂ ಬಂದು ನಿಂತಿರುತ್ತಾರೆ. ಹೈಸ್ಕೂಲಿನಲ್ಲಿ ಒಂದು ಸಲ ಹೊಟ್ಟೆನೋವು ಎಂದು ರಜೆ ಹಾಕಿ ಆಂಡರ್ಸನ್‌ಪೇಟೆಯಲ್ಲಿ ಬೋಂಡಾ ತಿನ್ನುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ನಮ್ಮ ಕ್ಲಾಸ್ ಮಿಸ್ಸು! ಅವರದೂ ಅವತ್ತು ರಜೆ, ಅವರಿಗೂ ಹೊಟ್ಟೆನೋವು. ಇಬ್ಬರೂ ಒಬ್ಬರನ್ನೊಬ್ಬರು ನೋಡಿಯೇ ಇಲ್ಲವೆಂದು ಒಪ್ಪಂದ ಮಾಡಿಕೊಂಡು, ಚಟ್ನಿ ಹಂಚಿಕೊಂಡು ಎದ್ದೆವು.

ಹೋದ ವರ್ಷ ಇಟಲಿಯಲ್ಲಿ ನಡೆದದ್ದೂ ಇದೇ ಜಾತಿಯದು.

೧. ಹಾಲು ಒಡೆಯುವ ಓದು

ನಮ್ಮ ಮನೆ ಇರುವುದು ಕೆ.ಜಿ.ಎಫ್‌ನ ಉರಿಗಾಂನಲ್ಲಿ. ಅಮ್ಮನ ತವರು ಕ್ಯಾಸಂಬಳ್ಳಿ ದಾಟಿದರೆ ಸಿಗುವ ಹಳ್ಳಿ. ಅಲ್ಲಿ ಅಜ್ಜಿ, ಅಜ್ಜಿಯ ಮಗ ಅಂದರೆ ನನ್ನ ಮಾಮ, ಮತ್ತು ಗೌರಿ ಎಂಬ ಹಸು. ಮನೆ ನಡೆಸುವುದು ಗೌರಿ. ಯಾರು ಯಾವಾಗ ಏಳಬೇಕು, ಯಾರು ಯಾವ ಮದುವೆಗೆ ಹೋಗಬಹುದು, ಎಷ್ಟು ಹೊತ್ತಿಗೆ ವಾಪಸ್ ಬರಬೇಕು, ಎಲ್ಲ ಅದರ ಇಷ್ಟ.

ಕಾರಣ, ಗೌರಿ ಅಜ್ಜಿಯ ಕೈಗಲ್ಲದೆ ಇನ್ಯಾರ ಕೈಗೂ ಹಾಲು ಕೊಡುವುದಿಲ್ಲ. ಅಜ್ಜಿ ತನ್ನ ಹಳೇ ಹಸಿರು ಸೀರೆ ಉಟ್ಟು, "ಗೌರೀ" ಎಂದು ಪಕ್ಕ ಕೂತರೆ ಮಾತ್ರ ಸೊರ ಬಿಡುತ್ತದೆ. ಅಮ್ಮ ಒಮ್ಮೆ ಪ್ರಯತ್ನಿಸಿ ತಂಬಿಗೆ ಸಮೇತ ಗೋಡೆಗೆ ಒರಗಿದ್ದಳು. ಮಾಮ ಕೆ.ಜಿ.ಎಫ್‌ನ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದಾನೆ, ದೊಡ್ಡ ಮೀಸೆ ಬಿಟ್ಟಿದ್ದಾನೆ, ಊರಲ್ಲಿ ನಾಲ್ಕು ಜನ ಅವನ ಮಾತು ಕೇಳುತ್ತಾರೆ. ಗೌರಿ ಆ ನಾಲ್ಕು ಜನರಲ್ಲಿ ಇಲ್ಲ.

ಇಟಲಿಯ ಟ್ಯೂರಿನ್‌ನಲ್ಲಿ ಚೀಸ್ ತಯಾರಿಕೆಯ ಕೋರ್ಸಿಗೆ ನನಗೆ ಸೀಟು ಸಿಕ್ಕಿದಾಗ ಇಡೀ ಬೀದಿಗೆ ಅಮ್ಮ ಸಿಹಿ ಹಂಚಿದಳು. ಅಜ್ಜಿ ಮಾತ್ರ ಕೊಟ್ಟಿಗೆಯಲ್ಲೇ ಕೂತು ವಿಚಾರಣೆ ನಡೆಸಿದಳು.

"ಅಲ್ಲೋಗಿ ಏನ್ ಓದ್ತೀಯ ಪಾಪ?"

"ಹಾಲು ಒಡೆಸಿ ಚೀಸ್ ಮಾಡೋದು ಅಜ್ಜಿ."

ಅಜ್ಜಿ ತಂಬಿಗೆ ಕೆಳಗಿಟ್ಟಳು. "ಆಲು ಒಡ್ಯಕ್ಕೆ ವಿಮಾನ ಅತ್ಬೇಕಾ? ಬೇಸ್ಗೇಲಿ ನಮ್ಮನೇಲಿ ದಿನಾ ಒಡೀತದೆ. ನಾನೇ ಪಾಸ್ ಮಾಡ್ತೀನಿ, ಇಲ್ಲೇ ಇರು."

೨. ಪಾನಿಪುರಿಯ ಮೇಲೆ ಆಣೆ

ಹೊರಡುವ ಮುಂಚಿನ ವಾರ ಸಾಮಾನು ಕೊಳ್ಳಲು ಬಂಗಾರಪೇಟೆಗೆ ಹೋದೆವು. ಬೆಳಗಿನ ಹಾಲು ಕರೆದು ಬಂದಿದ್ದ ಅಜ್ಜಿ ಸಂಜೆಯ ಹಾಲಿಗೆ ವಾಪಸ್ ಇರಬೇಕು. ಆದರೂ ಬಂಗಾರಪೇಟೆಗೆ ಬಂದು ಪಾನಿಪುರಿ ತಿನ್ನದೆ ಹೋದವಳಲ್ಲ. ಅಂಗಡಿಯ ಮುಂದೆ ನಿಂತಿದ್ದಾಗ ಸ್ಟೇಷನ್ ಕಡೆಯಿಂದ ಮದರಾಸಿಗೆ ಹೋಗುವ ರೈಲು ಕೂಗಿತು. ಅಜ್ಜಿ ಈಗಲೂ ಚೆನ್ನೈ ಅನ್ನುವುದಿಲ್ಲ.

ಚಿಕ್ಕಂದಿನಿಂದ ಆ ರೈಲು ಕಂಡರೆ ನಮ್ಮಿಬ್ಬರದೂ ಒಂದೇ ಆಸೆ. ಅದು ಹೋಗಿ ಸೇರುವ ಊರಲ್ಲಿ ಸಮುದ್ರವಿದೆ. ನಾವಿಬ್ಬರೂ ಕಂಡ ದೊಡ್ಡ ನೀರೆಂದರೆ ಬೇತಮಂಗಲದ ಕೆರೆ. ಅದೂ ಮಳೆ ಚೆನ್ನಾಗಿ ಬಂದ ವರ್ಷ. ಗೌರಿಯನ್ನು ಒಂದು ಹೊತ್ತು ಬಿಟ್ಟಿರಲಾರದೆ ಅಜ್ಜಿ ರೈಲು ಹತ್ತಿರಲಿಲ್ಲ. ಅಜ್ಜಿ ಹತ್ತದೆ ನಾನೂ ಹತ್ತಿರಲಿಲ್ಲ.

"ನೋಡ್ ಪಾಪ, ನೀನು ವಾಪಸ್ ಬಂದ್ಮೇಲೆ ಇಬ್ರೂ ಈ ರೈಲಿಗೇ ಓಗಿ ಒಟ್ಟಿಗೇ ಸಮುದ್ರ ನೋಡಾನ. ಅಲ್ಲೀಗಂಟ ನೀನೊಬ್ಳೇ ನೋಡ್ಬಾರ್ದು," ಅಂದಳು.

"ನೀನೂ ನೋಡಬಾರದು."

"ನಾನೆಲ್ಲೋಗ್ಲಿ ಗೌರೀನ ಬಿಟ್ಟು? ತಿನ್ನೋ ಅನ್ನದ್ ಮೇಲೆ ಆಣೆ ಆಕು."

ಅನ್ನ ಇರಲಿಲ್ಲ. ಎಡಗೈಯಲ್ಲಿ ಪಾನಿಪುರಿಯ ದೊನ್ನೆ ಹಿಡಿದು, ಬಲಗೈಯನ್ನು ಅದರ ಮೇಲಿಟ್ಟು ನಾನು ಆಣೆ ಹಾಕಿದೆ. ಅಜ್ಜಿಯೂ ಕಣ್ಣು ಮುಚ್ಚಿ ಆಣೆ ಹಾಕಿದಳು. ಅಜ್ಜಿಯ ಕಣ್ಣು ತುಂಬಿತ್ತು, ನನ್ನದೂ. ಮುಂದಿನ ಪೂರಿ ಕೈಯಲ್ಲಿ ಹಿಡಿದು ಕಾಯುತ್ತಿದ್ದ ಅಂಗಡಿಯವನು ಎಷ್ಟು ಹೊತ್ತೆಂದು ತಡೆದಾನು?

"ಅಜ್ಜೀ, ಅಳೋದು ಬೇಕಾದ್ರೆ ಆಮೇಲೆ ಅಳು. ಪೂರಿ ಮೆತ್ತಗಾಯ್ತದೆ!"

೩. ಸಮುದ್ರಕ್ಕೆ ಬೆನ್ನು

ಟ್ಯೂರಿನ್‌ನಲ್ಲಿ ನನ್ನ ರೂಮಿನಲ್ಲಿದ್ದವಳು ಕೇರಳದ ಹುಡುಗಿ. ಮನೆಯ ಹಿತ್ತಲಲ್ಲೇ ಸಮುದ್ರ ಇಟ್ಟುಕೊಂಡು ಬೆಳೆದವಳು. ಅವಳ ಮಲಯಾಳಂ, ನನ್ನ ಕೆ.ಜಿ.ಎಫ್ ತಮಿಳು ಸೇರಿಸಿ ಸಂಸಾರ ನಡೆಸುತ್ತಿದ್ದೆವು. ನಾನು ಸಮುದ್ರವನ್ನೇ ನೋಡಿಲ್ಲ ಎಂದಾಗ ಅವಳು, ಅಕ್ಕಿಯನ್ನೇ ನೋಡಿಲ್ಲ ಎಂದವರನ್ನು ನೋಡುವ ಹಾಗೆ ನೋಡಿದಳು. ಮರುದಿನವೇ ಜಿನೋವಾಕ್ಕೆ ಎರಡು ಟಿಕೆಟ್ ತಂದಳು. ಅದು ಸಮುದ್ರದ ದಡದ ಊರು, ರೈಲಿನಲ್ಲಿ ಎರಡು ಗಂಟೆ. ಶನಿವಾರ ಹೋಗಿ ಭಾನುವಾರ ವಾಪಸ್.

ಆಣೆಯ ವಿಷಯ ಹೇಳಿದೆ. "ಅಜ್ಜಿಗೆ ಯಾರು ಹೇಳ್ತಾರೆ?" ಅಂದಳು.

ನಾನು ಒಂದು ರಾತ್ರಿ ಯೋಚಿಸಿ ದಾರಿ ಕಂಡುಹಿಡಿದೆ. ಆಣೆ ಹಾಕಿದ್ದು ಸಮುದ್ರ ನೋಡುವುದಿಲ್ಲ ಎಂದು. ಸಮುದ್ರದ ಊರಿಗೆ ಹೋಗುವುದಿಲ್ಲ ಎಂದಲ್ಲ. ಮನೆಗಳನ್ನು ನೋಡುವುದು, ರೊಟ್ಟಿ ತಿನ್ನುವುದು, ನೀರಿನ ಕಡೆ ಮಾತ್ರ ತಿರುಗದಿರುವುದು. ಅಜ್ಜಿಗೆ ಫೋನು ಮಾಡಿ, "ಸೋಮವಾರ ಪರೀಕ್ಷೆ, ಎರಡು ದಿನ ಲೈಬ್ರರಿ ಬಿಟ್ಟು ಏಳಲ್ಲ" ಎಂದೆ. ಅಜ್ಜಿಯೂ ಯಾಕೋ ಹೆಚ್ಚು ವಿಚಾರಿಸದೆ, "ಓದ್ಕೋ, ಓದ್ಕೋ" ಎಂದು ಬೇಗ ಇಟ್ಟುಬಿಟ್ಟಳು. ನನಗಂತೂ ಬದುಕಿದೆ ಅನ್ನಿಸಿತು.

ಆದರೆ ಜಿನೋವಾದಲ್ಲಿ ಯಾವ ಗಲ್ಲಿ ಹಿಡಿದರೂ ಅದು ಇಳಿದು ಇಳಿದು ಬಂದರಿನ ಕಡೆಗೇ ಹೋಗುತ್ತದೆ. ನಾನು ಬೆನ್ನು ತಿರುಗಿಸಿಕೊಂಡು ಹಿಂದಕ್ಕೆ ಹಿಂದಕ್ಕೆ ನಡೆದೆ. ಅವತ್ತಿನ ಫೋಟೋಗಳಲ್ಲಿ ಊರಿನವರೆಲ್ಲ ಸಮುದ್ರ ನೋಡುತ್ತಿದ್ದಾರೆ, ನಾನೊಬ್ಬಳು ಗೋಡೆ ನೋಡುತ್ತಿದ್ದೇನೆ.

ಒಬ್ಬರು ವಯಸ್ಸಾದ ಇಟಲಿಯವರಿಗೆ ನನ್ನ ಸ್ಥಿತಿ ಕಂಡು ಕರುಣೆ ಬಂತು. ಪಾಪ, ದಿಕ್ಕು ತಪ್ಪಿದೆ ಅಂದುಕೊಂಡು ನನ್ನ ಎರಡೂ ಭುಜ ಹಿಡಿದು ನೀರಿನ ಕಡೆ ತಿರುಗಿಸಿ ನಿಲ್ಲಿಸಿದರು. ನಾನು ಗಟ್ಟಿಯಾಗಿ ಕಣ್ಣು ಮುಚ್ಚಿದೆ. ಅವರು ಅಯ್ಯೋ ಎಂದು ನಿಟ್ಟುಸಿರು ಬಿಟ್ಟು, ನನಗೆ ಕಣ್ಣು ಕಾಣುವುದಿಲ್ಲ ಎಂದು ತಿಳಿದು, ಕೈ ಹಿಡಿದು ಜೋಪಾನವಾಗಿ ರಸ್ತೆ ದಾಟಿಸಿದರು. ನಾನು ದಾಟಬೇಕಾಗಿದ್ದ ರಸ್ತೆಯೂ ಅದಲ್ಲ.

೪. ಕೆಳಗೆ ಹೋಗುವ ಲಿಫ್ಟು

ಬೀದಿಯಲ್ಲಿದ್ದರೆ ಆಣೆ ಉಳಿಯುವುದಿಲ್ಲ ಅನ್ನಿಸಿತು. ಅಷ್ಟರಲ್ಲಿ ಗುಡ್ಡದ ಬುಡದಲ್ಲಿ ಒಂದು ಸುರಂಗ ಕಾಣಿಸಿತು. ಉದ್ದಕ್ಕೂ ದೀಪ, ಕೊನೆಯಲ್ಲಿ ಲಿಫ್ಟು. ಜನ ಹೋಗಿ ಹತ್ತುತ್ತಿದ್ದರು. ನನಗೆ ಹೋದ ಜೀವ ಬಂದಂತಾಯಿತು.

ನಮ್ಮಪ್ಪನ ಅಪ್ಪ, ನಮ್ಮ ತಾತ, ಚಿನ್ನದ ಗಣಿಯಲ್ಲಿ ಕೆಲಸ ಮಾಡಿದವರು. ಉರಿಗಾಂನಲ್ಲಿ ಹುಟ್ಟಿದವಳಿಗೆ ಒಂದು ವಿಷಯದಲ್ಲಿ ಅನುಮಾನವೇ ಇಲ್ಲ. ಸುರಂಗದ ಕೊನೆಯಲ್ಲಿ ಲಿಫ್ಟು ಇದ್ದರೆ ಅದು ಕೆಳಗೆ ಹೋಗುತ್ತದೆ. ಮೇಲೆ ಹೋಗುವ ಲಿಫ್ಟಿಗೆ ಸುರಂಗ ಯಾರು ಕೊರೆಯುತ್ತಾರೆ?

"ಭೂಮಿ ಒಳಗೆ ಹೋಗೋಣ ಬಾ, ಅಲ್ಲಿ ಸಮುದ್ರದ ಕಾಟ ಇಲ್ಲ," ಎಂದು ಗೆಳತಿಯನ್ನು ಎಳೆದುಕೊಂಡು ಹತ್ತಿದೆ. ಅವಳು ಏನೋ ಹೇಳಲು ಬಾಯಿ ತೆರೆದು, ಆಮೇಲೆ ಯಾಕೋ ನಕ್ಕು ನನ್ನ ಪಕ್ಕ ಬಂದು ನಿಂತಳು.

ಗಣಿಗೆ ಇಳಿಸುವ ಕೇಜಿನಲ್ಲಿ ಹೇಗೆ ನಿಲ್ಲಬೇಕು ಎಂಬುದನ್ನು ತಾತ ನಮಗೆಲ್ಲ ಮನೆಯಲ್ಲೇ, ಮಂಚದ ಮೇಲೆ ನಿಲ್ಲಿಸಿ ಕಲಿಸಿದ್ದರು. ಮೊಣಕಾಲು ಬಗ್ಗಿಸಬೇಕು, ಬಾಯಿ ಅಗಲಿಸಬೇಕು, ಎಂಜಲು ನುಂಗುತ್ತಿರಬೇಕು. ಇಲ್ಲದಿದ್ದರೆ ಹೊಟ್ಟೆ ಬಾಯಿಗೆ ಬರುತ್ತದೆ, ಕಿವಿ ಕಟ್ಟುತ್ತದೆ. ಬಾಗಿಲು ಮುಚ್ಚಿತು. ನಾನು ಕಂಬಿ ಹಿಡಿದು, ಮೊಣಕಾಲು ಬಗ್ಗಿಸಿ, ಬಾಯಿ ತೆರೆದು, ಗುಟುಕು ಗುಟುಕು ಎಂಜಲು ನುಂಗುತ್ತಾ ನಿಂತೆ. ಲಿಫ್ಟಿನೊಳಗಿನ ಬೆಂಚಿನಲ್ಲಿ ಕೂತಿದ್ದ ಹೆಂಗಸೊಬ್ಬರು ಗಾಬರಿಯಾಗಿ ಎದ್ದು ಸೀಟು ಬಿಟ್ಟುಕೊಟ್ಟರು. ಇನ್ನೊಬ್ಬರು ಪೆಪ್ಪರಮಿಂಟು ಕೊಟ್ಟರು. ಮೂರನೆಯವರು ತಮ್ಮ ಹೊಸ ಶೂಗಳನ್ನು ಸ್ವಲ್ಪ ದೂರ ಸರಿಸಿದರು.

ಲಿಫ್ಟು ನಿಂತಿತು. ಬಾಗಿಲು ತೆರೆಯಿತು. ಕತ್ತಲೆ ನೋಡಲು ಸಿದ್ಧಳಾಗಿ ಎರಡೂ ಕಣ್ಣು ಅಗಲಿಸಿ ಹೊರಗೆ ಹೆಜ್ಜೆ ಇಟ್ಟೆ.

ಅದು ಗುಡ್ಡದ ನೆತ್ತಿ. ಕೆಳಗೆ ಊರು, ಊರಿನಾಚೆ ಎಡದಿಂದ ಬಲದವರೆಗೆ ಒಂದಿಂಚೂ ಬಿಡದೆ ಸಮುದ್ರ. ಕಣ್ಣು ಮುಚ್ಚುವುದು ಮರೆತೇಹೋಯಿತು. ಅಷ್ಟೊಂದು ನೀರು ಯಾರಿಗೂ ಬೇಡವಾಗಿ ಸುಮ್ಮನೆ ಬಿದ್ದಿರುವುದನ್ನು ನೋಡಿ, ಬೋರ್‌ವೆಲ್ ನೀರಿನಲ್ಲಿ ಬೆಳೆದ ನನಗೆ ನಿಜವಾಗಿಯೂ ಅಳು ಬಂತು. ಅಜ್ಜಿ ಇರಬೇಕಿತ್ತು ಅನ್ನಿಸಿ ಇನ್ನಷ್ಟು ಬಂತು.

ಗೆಳತಿ ನನ್ನ ಬಾಯಿ ಮುಚ್ಚಿಸಿ ಹೇಳಿದಳು: "ಇನ್ನು ನುಂಗೋದು ನಿಲ್ಲಿಸು, ಬಂತು ನಿನ್ನ ಪಾತಾಳ."

೫. ಚಪ್ಪಲಿ

ನೋಡಿದ್ದಂತೂ ಆಯಿತು, ಇನ್ನು ಮುಟ್ಟಿದರೆ ಹೆಚ್ಚಿಗೆ ಏನು ಪಾಪ ಎಂದು ಭಾನುವಾರ ದಡಕ್ಕೆ ಹೋದೆವು. ಮರಳು ಇರಲಿಲ್ಲ. ಎಲ್ಲಾ ಗುಂಡುಕಲ್ಲು, ನಮ್ಮ ಕಡೆ ಮನೆ ಕಟ್ಟಲು ಜಲ್ಲಿ ತಂದು ಸುರಿದ ಹಾಗೆ.

ಒಂದು ಬೊಗಸೆ ನೀರು ಬಾಯಿಗೆ ಹಾಕಿ, ಚೀಸ್ ತರಗತಿಯಲ್ಲಿ ಕಲಿಸಿದಂತೆ ನಾಲಗೆಯ ಮೇಲೆ ಆಡಿಸಿ, "ಉಪ್ಪು ಸ್ವಲ್ಪ ಜಾಸ್ತಿಯಾಗಿದೆ" ಎಂದೆ.

"ಇಷ್ಟು ವರ್ಷದಲ್ಲಿ ನೀನೇ ಮೊದಲು ಕಂಪ್ಲೇಂಟ್ ಕೊಟ್ಟಿದ್ದು," ಅಂದಳು ಗೆಳತಿ.

ಮೊಣಕಾಲಿನವರೆಗೆ ಮಾತ್ರ ಎಂದು ಇಳಿದವಳು ಕುತ್ತಿಗೆಯವರೆಗೂ ನೆನೆದೆ. ಅಷ್ಟರಲ್ಲಿ ಒಂದು ಅಲೆ ಬಂದು ದಡದಲ್ಲಿ ಬಿಟ್ಟಿದ್ದ ನನ್ನ ಬಲಗಾಲಿನ ಚಪ್ಪಲಿಯನ್ನು ಎತ್ತಿಕೊಂಡು ಹೋಯಿತು. ಅಂಗಡಿಯಲ್ಲಿ ಅಜ್ಜಿ ಬಗ್ಗಿಸಿ, ತಿರುಚಿ, ಪರೀಕ್ಷೆ ಮಾಡಿ ಕೊಡಿಸಿದ್ದ ಚಪ್ಪಲಿ. ಎಡಗಾಲಿನದನ್ನು ಕೈಯಲ್ಲಿ ಹಿಡಿದು ನಾನು ಕೂಗಿದೆ, ಅಲೆ ತಿರುಗಿ ನೋಡಲಿಲ್ಲ.

ಗೆಳತಿ ಸಮಾಧಾನ ಮಾಡಿದಳು: "ಇರಲಿ ಬಿಡು, ಸಮುದ್ರ ತಗೊಂಡದ್ದನ್ನು ಎಲ್ಲಾದರೂ ಒಂದು ಕಡೆ ವಾಪಸ್ ಕೊಡುತ್ತೆ. ಎಲ್ಲಿ ಅಂತ ಕೇಳಬೇಡ ಅಷ್ಟೇ."

೬. ನಾಲ್ಕೂವರೆಯ ಫೋನು

ಪ್ರತಿ ಭಾನುವಾರ ನಮ್ಮ ಕಡೆಯ ನಾಲ್ಕೂವರೆಗೆ, ಸಂಜೆಯ ಹಾಲು ಕರೆಯುವ ಮುಂಚೆ, ಅಜ್ಜಿ ಕೊಟ್ಟಿಗೆಯಿಂದ ವಿಡಿಯೋ ಕಾಲ್ ಮಾಡುತ್ತಾಳೆ. ಇಟಲಿಯಲ್ಲಿ ಆಗ ಮಧ್ಯಾಹ್ನ ಒಂದು. ಮೊದಲು ಗೌರಿಯ ಮುಖ, ಆಮೇಲೆ ಅಜ್ಜಿಯ ಮುಖ, ಅದೇ ಕ್ರಮ. ನೀರಿನ ಸಂಭ್ರಮದಲ್ಲಿ ನಾನು ಅದನ್ನೇ ಮರೆತಿದ್ದೆ. ಫೋನು ಬಡಿದುಕೊಂಡಿತು. ಓಡಿಹೋಗಿ ಒಂದು ಹಳದಿ ಗೋಡೆಗೆ ಬೆನ್ನು ಹಚ್ಚಿ, ಒದ್ದೆ ಕೂದಲಿಗೆ ಟವೆಲ್ ಸುತ್ತಿ, ಒಂಟಿ ಚಪ್ಪಲಿಯಲ್ಲಿ ನಿಂತು ಎತ್ತಿದೆ.

"ಏನ್ ಪಾಪ, ಎಲ್ಲಿದೀಯ?"

"ಲೈಬ್ರರೀಲಿ ಅಜ್ಜಿ, ಓದ್ತಾ ಇದೀನಿ."

"ತಲೆಗೇನು ಟವಾಲು?"

"ಸ್ನಾನ ಮಾಡಿದೆ."

"ಲೈಬ್ರರೀಲಾ?"

ಮಾತು ಮರೆಸಬೇಕಿತ್ತು. ಅಜ್ಜಿಯ ಬೆನ್ನ ಹಿಂದೆ ಕೊಟ್ಟಿಗೆಯ ಮಣ್ಣುಗೋಡೆ ಇರಲಿಲ್ಲ. ಏನೋ ಕಡುನೀಲಿ ಬಣ್ಣ.

"ನಿನ್ನ ಹಿಂದೆ ಏನಜ್ಜಿ, ನೀಲಿ?"

"ಕೊಟ್ಗೆಗೆ ಬಣ್ಣ ಒಡ್ಸಿದ್ವಿ."

"ಅದರ ಮೇಲೆ ಮೀನಿನ ಚಿತ್ರ ಇದೆ!"

"ಬಣ್ಣ ಮಿಕ್ಕಿತ್ತು, ಪೇಂಟ್ರು ಬರ್ದವ್ನೆ."

"ಗೌರೀನ ತೋರಿಸು."

"ಮಲ್ಗವ್ಳೆ."

"ಹಾಲು ಕರೆಯೋ ಹೊತ್ತಲ್ಲಿ ಮಲಗಿದಾಳಾ?"

"ಅವಳ್ಗೂ ವಯಸ್ಸಾಯ್ತಲ್ಲ!"

ಆಗಲೇ ನನ್ನ ತಲೆಯ ಮೇಲೆ ಒಂದು ಕಡಲಹಕ್ಕಿ ಕಿಟಾರನೆ ಕಿರುಚಿತು. "ಅದೇನದು ಸದ್ದು?" ಎಂದಳು ಅಜ್ಜಿ. "ಪಕ್ಕದಲ್ಲಿ ಯಾರದೋ ಮಗು ಅಳ್ತಿದೆ," ಎಂದೆ. ಹಕ್ಕಿ ಇಳಿದು ಬಂದು ನನ್ನ ಭುಜದ ಪಕ್ಕದ ಕಟ್ಟೆಯ ಮೇಲೆ ಕೂತು, ಕತ್ತು ಚಾಚಿ ಫೋನಿನೊಳಗೆ ಇಣುಕಿತು.

"ಆ ಮಗೂಗೆ ರೆಕ್ಕೆ ಅವೆ," ಅಂದಳು ಅಜ್ಜಿ.

ಇನ್ನು ಉಳಿದಿದ್ದೇನು? ಎಲ್ಲ ಒಪ್ಪಿಕೊಂಡೆ. ಅಜ್ಜಿ ಶುರು ಮಾಡಿದಳು ನೋಡಿ. "ಅಯ್ಯೋ ದೇವುಡಾ! ತಿನ್ನೋದ್ರ ಮೇಲೆ ಆಣೆ ಆಕ್ದವ್ಳು! ನಾನಿಲ್ಲಿ ಸಗಣಿ ಬಾಚ್ಕೊಂಡು, ನೀನ್ ಬರೋದನ್ನೇ ಕಾಯ್ಕೊಂಡು ಕೂತಿದ್ರೆ, ನೀನೊಬ್ಳೇ ಓಗಿ ಮುಳುಗಿ ಎದ್ಯಾ?" ನನಗೆ ನಾಚಿಕೆಯಾಯಿತು, ಅಳು ಬಂತು. ಕೆನ್ನೆ ಕೆನ್ನೆ ಬಡಿದುಕೊಂಡು ತಪ್ಪಾಯಿತು ಎಂದೆ. ಅಜ್ಜಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಅದೇ ಹೊತ್ತಿಗೆ ಅಜ್ಜಿಯ ಕಡೆಯಿಂದ ಒಂದು ಕೂಗು ಕೇಳಿಸಿತು. "ತೇಂಗಾ, ಮಾಂಗಾ, ಪಟ್ಟಾಣಿ ಸುಂಡಲ್!"

ನಾನು ಅಳು ನಿಲ್ಲಿಸಿದೆ. ಮದರಾಸಿನ ಕಡಲ ದಡದಲ್ಲಿ ಸುಂಡಲ್, ಅಂದರೆ ಬಟಾಣಿ ಗುಗ್ಗರಿ, ಮಾರುವವರು ಹೀಗೇ ಕೂಗುತ್ತಾರೆ. ಕೆ.ಜಿ.ಎಫ್‌ನವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ನಮ್ಮ ಬೀದಿಯ ಅರ್ಧ ಜನ ರಜೆಗೆ ಹೋಗಿ ಬಂದು ಅದನ್ನೇ ಕೂಗಿ ತೋರಿಸುತ್ತಿದ್ದರು.

"ಅಜ್ಜೀ, ಸುಂಡಲ್ ಮಾರೋನು ನಿನ್ನ ಕೊಟ್ಟಿಗೇಲಿ ಏನ್ ಮಾಡ್ತಿದಾನೆ?"

"ಊರ್ ಮ್ಯಾಲೆ ಬಂದವ್ನೆ. ಈಗೆಲ್ಲಾ ಅಳ್ಳೀಗೂ ಬತ್ತಾರೆ."

ಹಿಂದಿನಿಂದ ಒಂದು ಹೆಂಗಸಿನ ದನಿ, ಅಜ್ಜಿಯ ಮಹಿಳಾ ಸಂಘದ ಗೆಳತಿಯದು: "ಅಕ್ಕೋ! ಬೆಳಗ್ಗಿಂದ ನೀರಾಗೇ ಬಿದ್ದಿದೀಯ, ಒದ್ದೆ ಸೀರೇಲಿ ಇನ್ನೆಷ್ಟೊತ್ತು ಕೂತ್ಕೊಂತೀಯ? ಏಳು, ಅಲೆ ಬತ್ತದೆ!"

ಅಲೆ ಬಂದೇಬಿಟ್ಟಿತು. ಫೋನಿನಲ್ಲಿ ಒಮ್ಮೆ ಆಕಾಶ, ಒಮ್ಮೆ ಮರಳು, ಒಮ್ಮೆ ಅಜ್ಜಿಯ ಬರಿಗಾಲು, ಮೀನಿನ ಚಿತ್ರ ಬರೆದ ನೀಲಿ ದೋಣಿ, ಕೊನೆಗೆ ದೋಣಿಯಾಚೆ ಎಡದಿಂದ ಬಲದವರೆಗೆ ಸಮುದ್ರ. ಸಂಘದವರು ಶನಿವಾರ ಬಂಗಾರಪೇಟೆಯಲ್ಲಿ ಅದೇ ರೈಲು ಹತ್ತಿದ್ದರು. ನನ್ನ ಪರೀಕ್ಷೆಯ ಸುದ್ದಿ ಅಜ್ಜಿಗೆ ಅಷ್ಟು ಹಿಡಿಸಿದ್ದು ಯಾಕೆಂದು ಆಗ ಅರ್ಥವಾಯಿತು.

ಅಜ್ಜಿ ಒದ್ದೆ ಸೆರಗಿನಿಂದಲೇ ಫೋನು ಒರೆಸಿದಳು. ಆಮೇಲೆ ಮೆಲ್ಲಗೆ ಕೇಳಿದಳು.

"ನಿಂದೂ ಉಪ್ಪಾ?"

"ಹೂಂ."

"ಜಾಸ್ತಿ ಆಗದೆ, ಅಲ್ವಾ?"

ನನಗೆ ನಗು ತಡೆಯಲಾಗಲಿಲ್ಲ. ಅಜ್ಜಿಯೂ ನಕ್ಕಳು. ನಾನು ಓಡಿಹೋಗಿ ನೀರಿಗಿಳಿದು ಫೋನು ಎತ್ತಿ ಹಿಡಿದೆ. ಅಜ್ಜಿಯೂ ಎದ್ದು ಮಂಡಿಯುದ್ದ ನೀರಿಗೆ ಹೋಗಿ ಹಿಡಿದಳು. ನನ್ನ ಸಮುದ್ರ ಅವಳು ನೋಡಿದಳು, ಅವಳದು ನಾನು ನೋಡಿದೆ. "ಒಟ್ಟಿಗೇ ನೋಡ್ದಂಗಾಯ್ತು ಬಿಡು, ಆಣೆ ತೀರ್ತು," ಎಂದು ತೀರ್ಪು ಕೊಟ್ಟು, ನಾನು ದಡ ಹತ್ತುವಾಗ ಫೋನಿನಲ್ಲಿ ಕಂಡ ನನ್ನ ಕಾಲು ನೋಡಿದಳು. "ಇನ್ನೊಂದು ಚಪ್ಲಿ?"

"ಸಮುದ್ರಕ್ಕೆ ಹೋಯ್ತು ಅಜ್ಜಿ."

ಅಜ್ಜಿ ಮದರಾಸಿನ ನೀರಿನ ಮೇಲೆ ಒಮ್ಮೆ ಕಣ್ಣಾಡಿಸಿದಳು. "ನಮ್ ರೈಲು ಎಂಟ್ಗಂಟೆಗೆ. ಅಷ್ಟ್ರಾಗೆ ಈ ಕಡೆ ಬಂದ್ರೆ ಇಡ್ಕೊಂಬತ್ತೀನಿ."

೭. ಹಸಿರು ಸೀರೆ

ಆಗ ನನಗೆ ಹೊಳೆಯಿತು. ಗಂಟೆ ಐದಾಗುತ್ತಿದೆ. ಅಜ್ಜಿ ಮದರಾಸಿನಲ್ಲಿದ್ದಾಳೆ.

"ಅಜ್ಜೀ, ಗೌರೀನ ಯಾರು ಕರೀತಾರೆ?"

ಅಜ್ಜಿಯ ಮುಖ ಒಂದು ಥರಾ ಆಯಿತು. "ನಿಮ್ ಮಾಮ."

"ಮಾಮನಿಗೆ ಬಿಡಲ್ವಲ್ಲ!"

"ನಿನ್ನೆಯಿಂದ ಬಿಡ್ತಾ ಅವ್ಳೆ. ಎಂಗೆ ಅಂತ ಯಾರ್ಗೂ ಏಳ್ಬಾರ್ದು ಅಂತ ನಿಮ್ ಮಾಮ ನನ್ ಕೈಲಿ ಆಣೆ ಆಕ್ಸ್ಕೊಂಡವ್ನೆ."

ನಮ್ಮ ಮನೆಯ ಆಣೆಗಳ ಬೆಲೆ ನನಗೆ ಆಗಷ್ಟೇ ತಿಳಿದಿತ್ತು. ಅದೇ ವಿಡಿಯೋ ಕಾಲ್‌ಗೆ ಮಾಮನನ್ನೂ ಸೇರಿಸಿದೆ. ಕೈಯೆಲ್ಲ ಹಾಲಾಗಿತ್ತೋ ಏನೋ, ಯಾರ ಫೋನೆಂದು ನೋಡದೆ ಮಾಮ ಮೊಣಕೈಯಲ್ಲೇ ಒತ್ತಿಬಿಟ್ಟ. ಫೋನು ಕೊಟ್ಟಿಗೆಯ ಗೋಡೆಯ ಗೂಡಿನಲ್ಲಿತ್ತು. ಇಡೀ ಕೊಟ್ಟಿಗೆ ಕಂಡಿತು.

ಗೌರಿ ನೆಮ್ಮದಿಯಾಗಿ ಹುಲ್ಲು ಮೆಲ್ಲುತ್ತಿತ್ತು. ಪಕ್ಕದಲ್ಲಿ ಅಜ್ಜಿಯ ಹಳೇ ಹಸಿರು ಸೀರೆ ಉಟ್ಟು, ತಲೆಯ ಮೇಲೆ ಸೆರಗು ಹೊದ್ದು, ಎರಡೂ ಕೈಗೆ ಗಾಜಿನ ಬಳೆ ಹಾಕಿಕೊಂಡು ಒಬ್ಬರು ಬಕೆಟ್ಟಿಗೆ ಹಾಲು ಕರೆಯುತ್ತಿದ್ದರು. ಸೆರಗಿನ ಕೆಳಗೆ ಆ ದೊಡ್ಡ ಮೀಸೆ.

"ಅಮ್ಮಾ," ಎಂದು ಮಾಮ ಪಿಸುಗುಟ್ಟಿದ, "ಮಾತಾಡ್ಬೇಡ, ಇವಳ್ಗೆ ಗೊತ್ತಾಗೋಯ್ತದೆ."

"ಮಾಮಾ!" ಎಂದು ನಾನು ಕಿರುಚಿದೆ.

ಮಾಮ ಬೆಚ್ಚಿಬಿದ್ದು ಫೋನಿನ ಕಡೆ ತಿರುಗಿ, ನನ್ನ ಮುಖ ಕಂಡು, ಬಳೆಯ ಕೈಯಿಂದ ಸೆರಗು ಎಳೆದು ಮೀಸೆ ಮುಚ್ಚಿಕೊಂಡ. ಆ ನಾಚಿಕೆಯನ್ನು ಯಾವ ಮದುಮಗಳ ಮುಖದಲ್ಲೂ ನಾನು ಕಂಡಿಲ್ಲ. ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಎರಡು ದಿನದಿಂದ ಹಸುವನ್ನು ಕಾಣದಿದ್ದ ಅಜ್ಜಿಗೆ ಪ್ರೀತಿ ಉಕ್ಕಿ ಬಂತು. ಅಲೆಗಳ ಸದ್ದನ್ನೂ ಮೀರಿಸಿ ಅವಳು ಕೂಗಿದಳು.

"ಗೌರೀ! ನನ್ ಬಂಗಾರೀ!"

ಗೌರಿ ಮೆಲುಕು ನಿಲ್ಲಿಸಿತು. ಎರಡು ಕಿವಿಯನ್ನೂ ಗೂಡಿನ ಕಡೆ ತಿರುಗಿಸಿತು. ಅಲ್ಲಿ ಅಜ್ಜಿಯ ದನಿ. ಕತ್ತು ಹೊರಳಿಸಿ ಪಕ್ಕಕ್ಕೆ ನೋಡಿತು. ಇಲ್ಲಿ ಅಜ್ಜಿಯ ಸೀರೆ. ಮತ್ತೆ ಗೂಡಿನ ಕಡೆ ನೋಡಿತು. ಮತ್ತೆ ಸೀರೆಯ ಕಡೆ. ಆಮೇಲೆ ಸೆರಗಿನ ಅಂಚಿನಿಂದ ಹೊರಗೆ ಬಂದಿದ್ದ ಮೀಸೆಯ ತುದಿಯನ್ನು ಬಹಳ ಹೊತ್ತು ನೋಡಿತು.

ಆಮೇಲೆ ಒದೆಯಿತು.

ಬಕೆಟ್ಟು ಒಂದು ಕಡೆ, ಬಳೆ ಒಂದು ಕಡೆ, ಮಾಮ ಸಗಣಿಯ ಮೇಲೆ. ತಲೆಯಿಂದ ಹಾಲು ಇಳಿಯುತ್ತಿತ್ತು. ನಾನೂ ಅಜ್ಜಿಯೂ ಸಮುದ್ರದಲ್ಲಿ ನೆನೆದಿದ್ದೆವು, ಮಾಮ ಹಾಲಿನಲ್ಲಿ ನೆನೆದ. ಆ ಭಾನುವಾರ ಮನೆಯಲ್ಲಿ ಯಾರಿಗೂ ಸುಳ್ಳು ಹೇಳದೆ ಇದ್ದವಳು ಗೌರಿ ಒಬ್ಬಳೇ.

ಈಗ ನಿಮಗೆ ಒಂದು ವಿಷಯ ಹೇಳಬೇಕು. ಅಜ್ಜಿಯ ಮ‌ನೆಯ ಎದುರೇ ಊರಿನ ಡೈರಿ ಇದೆ. ಸಂಜೆ ಐದಕ್ಕೆ ಊರಿಗೆ ಊರೇ ಹಾಲಿನ ಕ್ಯಾನು ಹಿಡಿದು ಅಲ್ಲಿ ಸಾಲು ನಿಂತಿರುತ್ತದೆ. ಯಾರ ಕಣ್ಣಿಗೂ ಬೀಳಬಾರದೆಂದು ಮಾಮ ಎರಡು ದಿನ ಕೊಟ್ಟಿಗೆಯ ಬಾಗಿಲಿಗೆ ಅಗುಳಿ ಹಾಕಿಕೊಂಡು, ಪಿಸುದನಿಯಲ್ಲೇ ಕೆಲಸ ಮುಗಿಸಿದ್ದ. ಈಗ ಎದ್ದು ನಿಂತು, ಮುಖದ ಹಾಲು ಒರೆಸಿಕೊಂಡು, ಇಟಲಿಗೂ ಮದರಾಸಿಗೂ ಫೋನೇ ಬೇಡ ಎನ್ನುವಷ್ಟು ಗಟ್ಟಿಯಾಗಿ ಕೂಗಿದ.

"ಇನ್ನೊಂದ್ ಸಲ ಸಮುದ್ರಕ್ಕೆ ಓಗೋದಾದ್ರೆ ಇವಳ್ನೂ ರೈಲಿಗೆ ಅತ್ತುಸ್ಕೊಂಡು ಓಗಿ! ನಾನಂತೂ ಇನ್ಮೇಲೆ ಸೀರೆ ಉಡಲ್ಲ!"

ಡೈರಿಯ ಸಾಲಿನಲ್ಲಿ ಕ್ಯಾನುಗಳ ಸದ್ದು ಒಮ್ಮೆಲೇ ನಿಂತದ್ದು ನನಗೆ ಇಟಲಿಯವರೆಗೂ ಕೇಳಿಸಿತು.